ಬೆಂಕಿಯತ್ತ ಓಡುವವರ ದೇಹಬಲ

ಊರಿಗೆ ಬೆಂಕಿ ಬಿದ್ದಾಗ ಓಡಿಹೋಗಿ ಆರಿಸಬೇಕಾದವರು ಯಾರು ಎಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರವು ಬಹು ಪ್ರಾಚೀನಕಾಲದಿಂದಲೂ ಕೇಳುತ್ತ ಬಂದಿದೆ. ಹಾಗೆ ಓಡುವವನ ದೇಹವು ಆ ಕಾರ್ಯವನ್ನು ತಾಳಬಲ್ಲುದೆ ಎಂಬ ಎರಡನೆಯ ಪ್ರಶ್ನೆಯಾದರೋ ಸುಮಾರು ಇನ್ನೂರು ವರ್ಷಗಳಿಂದ ಈಚಿನದು. ತಾಳಿ ಹಿಂದಿರುಗಿದ ಮೇಲೆ ಆ ದೇಹದ ಗತಿಯೇನು ಎಂಬ ಮೂರನೆಯ ಪ್ರಶ್ನೆಗೆ ತಕ್ಕ ಉತ್ತರಗಳು ದೊರೆಯತೊಡಗಿದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಈ ಮೂರು ಪ್ರಶ್ನೆಗಳೂ ಬೆಂಗಳೂರಿನ ಸುತ್ತಲಿನ ಹಳ್ಳಿಗಳ ಚರಿತ್ರೆಯಲ್ಲಿ ಒಂದರ ಮೇಲೊಂದು ಬಂದು ಕೂಡಿಕೊಂಡಿವೆ. ರಾಗಿಯ ಹೊಲವೂ ಕೆರೆಯ ಅಚ್ಚುಕಟ್ಟೂ ಆಗಿದ್ದ ವೈಟ್‌ಫೀಲ್ಡ್, ಪೀಣ್ಯ, ಕೋನಪ್ಪನ ಅಗ್ರಹಾರಗಳ ನೆಲದಲ್ಲಿ ಇಂದು ಕಾರ್ಖಾನೆಗಳೂ ಗಾಜಿನ ಸೌಧಗಳೂ ನಿಂತಿವೆ. ನೆಲವು ಬದಲಾಯಿತು, ಬೆಂಕಿಯ ಬಗೆಯೂ ಬದಲಾಯಿತು. ಬೆಂಕಿಯ ಮುಂದೆ ನಿಲ್ಲುವ ಮನುಷ್ಯನ ಹೃದಯವೂ ಶ್ವಾಸಕೋಶವೂ ಮಾತ್ರ ಹಿಂದಿನವೇ ಆಗಿವೆ.

೧೯೦೫ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೯ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಗ್ನಿಭಯದ ವಿಚಾರವು ಎರಡು ಕಡೆಗಳಲ್ಲಿ ಬರುತ್ತದೆ. ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ, ಪ್ರತಿಯೊಬ್ಬ ಗೃಹಸ್ಥನೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಿನ ಚೀಲ ಮೊದಲಾದ ಸಲಕರಣೆಗಳನ್ನು ಸಿದ್ಧಪಡಿಸಿಟ್ಟಿರಬೇಕೆಂದೂ, ಬೀದಿಗಳಲ್ಲಿಯೂ ಚೌಕಗಳಲ್ಲಿಯೂ ನೀರಿನ ಪಾತ್ರೆಗಳನ್ನು ಸಾವಿರಗಟ್ಟಲೆಯಾಗಿ ಸಾಲಿಡಬೇಕೆಂದೂ ವಿಧಿಸಿದೆ. ಜನಪದದ ಉಪದ್ರವಗಳನ್ನು ಹೇಳುವಲ್ಲಿ, ಹಳ್ಳಿಯವರು ಬೇಸಗೆಯಲ್ಲಿ ಅಡುಗೆಯನ್ನು ಮನೆಯ ಹೊರಗೆ ಮಾಡಿಕೊಳ್ಳಬೇಕೆಂಬ ನಿಯಮವಿದೆ. ಉರಿಯುತ್ತಿರುವ ಮನೆಯ ಕಡೆಗೆ ಓಡದ ಮನೆಯೊಡೆಯನಿಗೆ ೧೨ ಪಣ ದಂಡ. ಬಾಡಿಗೆಗೆ ಇರುವವನಿಗೆ ೬ ಪಣ. ಬೆಂಕಿಯ ಕಡೆಗೆ ಓಡುವುದು ಊರಿನಲ್ಲಿ ವಾಸಿಸುವುದಕ್ಕೆ ತೆರಬೇಕಾದ ಒಂದು ಬಗೆಯ ತೆರಿಗೆಯೆಂದೇ ಶಾಸ್ತ್ರಕಾರನು ಎಣಿಸಿದಂತಿದೆ. ಓಡದವನನ್ನು ದಂಡಿಸಿದ ಆ ಪ್ರಕರಣದಲ್ಲಿ ಓಡಲಾರದವನ ಮಾತು ಬಂದಿಲ್ಲ.

ಅದನ್ನು ಕೇಳಬೇಕಾದ ಅಗತ್ಯವು ಹಳ್ಳಿಯ ಬಾಳಿನಲ್ಲಿ ಬಹುಕಾಲ ತೋರಲೂ ಇಲ್ಲ. ಹುಲ್ಲುಹೊದಿಕೆಯ ಮನೆಗಳೂ, ಕಣದ ಬಳಿಯ ಹುಲ್ಲಿನ ಬಣವೆಗಳೂ ಇದ್ದ ಊರಿನಲ್ಲಿ ಮಾಘ ಫಾಲ್ಗುಣಗಳ ಒಣಗಾಳಿಗೆ ಒಂದು ಕಿಡಿ ಸಾಕಾಗಿತ್ತು. ಕೂಗು ಎದ್ದೊಡನೆ ಗಂಡಸರು ಸೂರಿನ ಹುಲ್ಲನ್ನು ಕೊಕ್ಕೆಯಿಂದ ಎಳೆದು ಬೀಳಿಸುವರು. ಹೆಂಗಸರು ಬಾವಿಯಿಂದಲೋ ಕೆರೆಯ ತೂಬಿನಿಂದಲೋ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುವರು. ಹಸಿಯ ಸೊಪ್ಪಿನ ಕೊಂಬೆಗಳಿಂದ ಕಿಡಿಗಳನ್ನು ಬಡಿದು ಆರಿಸುವರು. ಬೆಂಕಿಯ ಕೆಲಸಕ್ಕೆಂದು ಯಾರೂ ದೇಹವನ್ನು ಪ್ರತ್ಯೇಕವಾಗಿ ಪಳಗಿಸಿದ್ದಿಲ್ಲ. ನೇಗಿಲು ಹಿಡಿದು ದಿನವಿಡೀ ನಡೆದವನಿಗೆ, ಯಾತದ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತಿದವನಿಗೆ, ಗೊಬ್ಬರದ ಕುಕ್ಕೆಯನ್ನು ಹೊಲಕ್ಕೆ ಹೊತ್ತವಳಿಗೆ ಆ ಪಳಗು ನಿತ್ಯದ ದುಡಿಮೆಯಿಂದಲೇ ಬಂದಿತ್ತು. ಇದಲ್ಲದೆ ಹಳೆಯ ಮೈಸೂರಿನ ಊರುಗಳಲ್ಲಿ ಗರಡಿಮನೆ ಎಂಬ ಒಂದು ಸಂಸ್ಥೆಯೂ ಇತ್ತು. ಮಟ್ಟಿಯ ಮಣ್ಣಿನಲ್ಲಿ ದಂಡ, ಬಸ್ಕಿ, ಗದೆ, ಕರೇಲಗಳ ಸಾಧನೆ ಮಾಡಿದ ಯುವಕರು ಜಾತ್ರೆಯಲ್ಲಿ ಗುಂಡುಕಲ್ಲು ಎತ್ತಿ ಭೇಷ್ ಎನಿಸಿಕೊಳ್ಳುತ್ತಿದ್ದರು. ಇಂತಹ ಬಲವುಳ್ಳವರಿಗೆ ಊರಿನ ಆಪತ್ತಿನಲ್ಲಿ ಮೊದಲು ಕೂಗು ಬರುವುದು ಸಹಜವಾಗಿತ್ತು.

ಇಷ್ಟನ್ನೇ ನೋಡಿ ಹಳ್ಳಿಗರು ಆರೋಗ್ಯವಂತರಾಗಿದ್ದರೆಂದು ತೀರ್ಮಾನಿಸುವುದು ಸರಿಯಲ್ಲ. ೧೮೭೬ರಿಂದ ೧೮೭೮ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಲಕ್ಷಗಟ್ಟಲೆ ಜನರನ್ನು ಕಳೆದುಕೊಂಡಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಮಲೇರಿಯಾ ಜ್ವರವಂತೂ ವರ್ಷ ವರ್ಷವೂ ಬರುವ ಅತಿಥಿಯಾಗಿತ್ತು. ಕಲ್ಲೆತ್ತಬಲ್ಲ ತೋಳಿನವನೇ ಜ್ವರಗಡ್ಡೆಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಿರಬಹುದು. ದಾರ್ಢ್ಯವು ಒಂದು, ಆರೋಗ್ಯವು ಮತ್ತೊಂದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದನ್ನು ಹುಡುಕಿ ನೋಡಬೇಕು. ಈ ಭೇದವನ್ನು ಮರೆತುದರಿಂದಲೇ ಅಗ್ನಿಶಾಮಕರ ಚರಿತ್ರೆಯಲ್ಲಿ ಬಹಳ ಅನರ್ಥವಾಗಿದೆ.

ಬೆಂಕಿ ಆರಿಸುವವನನ್ನು ಆಯ್ದು ಪಳಗಿಸಬೇಕೆಂಬ ವಿಚಾರಕ್ಕೆ ಪಶ್ಚಿಮದಲ್ಲಿ ಕ್ರಮವಾದ ರೂಪವನ್ನು ಕೊಟ್ಟವರಲ್ಲಿ ಜೇಮ್ಸ್ ಬ್ರೇಡ್‌ವುಡ್ ಎಂಬಾತನು ಮುಖ್ಯನು. ೧೮೨೪ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದ ಅಗ್ನಿದಳಕ್ಕೆ ಈತನು ನಾಯಕನಾದನು. ಮಾಡು ಹೊದಿಸುವವರು, ಬಡಗಿಗಳು, ಕಲ್ಲುಕುಟಿಗರು, ಕಮ್ಮಾರರು ಮೊದಲಾದ ಕಸಬಿನವರಲ್ಲಿ ಯುವಕರನ್ನು ಆರಿಸಿಕೊಂಡು, ಅವರಿಗೆ ನಸುಕಿನ ಹೊತ್ತಿನಲ್ಲಿ ಕವಾಯತನ್ನೂ ಅಂಗಸಾಧನೆಯನ್ನೂ ಕಲಿಸಿದನು. ಮಾಡಿನ ಮೇಲೆ ದಿನವೂ ನಡೆಯುವವನಿಗೆ ಉರಿಯುವ ಮಾಡಿನ ಮೇಲೆ ತಲೆ ತಿರುಗದು ಎಂಬುದು ಈ ಆಯ್ಕೆಯ ಹಿಂದಿದ್ದ ವಿವೇಕ. ೧೮೩೩ರಲ್ಲಿ ಲಂಡನ್ನಿನ ದಳವನ್ನು ವಹಿಸಿಕೊಂಡ ಆತನು ೧೮೬೧ರ ಜೂನ್ ೨೨ರಂದು ಟೂಲಿ ಬೀದಿಯ ಮಹಾಗ್ನಿಯಲ್ಲಿ ಗೋಡೆ ಕುಸಿದು ಮೃತನಾದನು. ಅವನ ಸ್ಥಾನಕ್ಕೆ ಬಂದ ಕ್ಯಾಪ್ಟನ್ ಷಾ ಎಂಬವನು ನಾವಿಕರನ್ನು ಹೆಚ್ಚಾಗಿ ಆರಿಸಿಕೊಂಡನು. ರಾತ್ರಿಯ ಕಾವಲೂ ಹಗ್ಗ ಏಣಿಗಳ ಅಭ್ಯಾಸವೂ ಅವರಿಗೆ ಮೊದಲೇ ರೂಢಿಯಾಗಿದ್ದವು.

ಆ ಕಾಲದ ನೀರಿನ ಯಂತ್ರಗಳನ್ನು ಮನುಷ್ಯರೇ ಒತ್ತಬೇಕಾಗಿತ್ತು. ದೊಡ್ಡ ಯಂತ್ರವೊಂದಕ್ಕೆ ಇಪ್ಪತ್ತಕ್ಕೂ ಮೀರಿದ ಆಳುಗಳು ಬೇಕಾಗುತ್ತಿದ್ದುದರಿಂದ, ಲಂಡನ್ನಿನಲ್ಲಿ ನೋಡಲು ನೆರೆದ ಗುಂಪಿನಿಂದಲೇ ಜನರನ್ನು ಕರೆದು, ಗಂಟೆಯ ಲೆಕ್ಕದಲ್ಲಿ ಕೂಲಿಯನ್ನೂ ಕುಡಿಯಲು ಬೀರನ್ನೂ ಕೊಡುತ್ತಿದ್ದರು. ಉಗಿಯ ಯಂತ್ರವೂ ಅನಂತರ ಮೋಟಾರೂ ಬಂದಮೇಲೆ ಈ ಗುಂಪು ಬೇಡವಾಯಿತು. ಯಂತ್ರವು ಒತ್ತುವ ಶ್ರಮವನ್ನು ತಾನು ವಹಿಸಿಕೊಂಡಿತು; ಕೊಳವೆಯನ್ನು ಹೊತ್ತು ಹೊಗೆಯೊಳಗೆ ಹೋಗುವ ಶ್ರಮವು ಕೆಲವೇ ಮಂದಿಯ ಪಾಲಿಗೆ ಉಳಿಯಿತು. ಊರವರೆಲ್ಲರೂ ಹಂಚಿಕೊಳ್ಳುತ್ತಿದ್ದ ಭಾರವು ನಾಲ್ಕಾರು ಜನರ ಬೆನ್ನಿಗೆ ಇಳಿದ ಸಂಧಿಕಾಲವದು.

ಭಾರತದಲ್ಲಿ ಅಗ್ನಿಶಾಮಕರ ಬಾಳಿನ ಬೆಲೆಯು ಸಮಸ್ತರಿಗೂ ತಿಳಿದುದು ಒಂದು ಮಹಾದುರಂತದಿಂದ. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿಯ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಹೊತ್ತಿಕೊಂಡಿತು. ಅದರಲ್ಲಿ ಹತ್ತಿಯ ಅಂಡಿಗೆಗಳೊಡನೆ ಯುದ್ಧದ ಸ್ಫೋಟಕಗಳೂ ತುಂಬಿದ್ದವು. ಬೆಂಕಿಯನ್ನು ನಂದಿಸಲು ಹಡಗನ್ನೇರಿದ್ದ ಮುಂಬಯಿ ದಳದ ೬೬ ಮಂದಿ ಸ್ಫೋಟದಲ್ಲಿ ಅಸುನೀಗಿದರು. ಆ ದಿನವನ್ನು ದೇಶವು ಇಂದಿಗೂ ಅಗ್ನಿಶಾಮಕ ಸೇವಾದಿನವೆಂದು ಆಚರಿಸುತ್ತದೆ. ೧೯೫೬ರಲ್ಲಿ ಉತ್ತರಪ್ರದೇಶದ ರಾಮಪುರದಲ್ಲಿ ಆರಂಭವಾದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಮಹಾವಿದ್ಯಾಲಯವು ಮರುವರ್ಷವೇ ನಾಗಪುರಕ್ಕೆ ಬಂದಿತು. ಕನ್ನಡನಾಡಿನಲ್ಲಿ ೧೯೬೪ರ ಅಗ್ನಿಶಾಮಕ ದಳದ ಅಧಿನಿಯಮವು ಈ ಸೇವೆಗೆ ಪ್ರತ್ಯೇಕವಾದ ಒಂದು ಇಲಾಖೆಯ ಸ್ವರೂಪವನ್ನು ಕೊಟ್ಟಿತು. ಬನ್ನೇರುಘಟ್ಟದ ರಸ್ತೆಯಲ್ಲಿ ಆರ್. ಎ. ಮುಂಡ್ಕೂರ್ ಅವರ ಹೆಸರಿನಲ್ಲಿರುವ ಅಕಾಡೆಮಿಯು ಹೊಸಬರನ್ನು ತರಬೇತಿಗೊಳಿಸುತ್ತದೆ. ಬ್ರೇಡ್‌ವುಡ್ಡನ ವಿಚಾರವು ಹೀಗೆ ಎತ್ತರ, ಎದೆಯ ಸುತ್ತಳತೆ, ಓಟ, ಕವಾಯತುಗಳ ರೂಪದಲ್ಲಿ ಇಲ್ಲಿಯೂ ನೆಲಸಿತು.

ಇದೇ ಅವಧಿಯಲ್ಲಿ ಬೆಂಗಳೂರಿನ ಹೊರವಲಯವು ಗುರುತು ಸಿಗದಂತೆ ಬದಲಾಯಿತು. ಚಾಮರಾಜ ಒಡೆಯರ ಕಾಲದಲ್ಲಿ, ೧೮೮೨ರಲ್ಲಿ, ಆಂಗ್ಲೋ-ಇಂಡಿಯನ್ನರ ಬೇಸಾಯದ ವಸತಿಗೆಂದು ಬಿಟ್ಟುಕೊಟ್ಟ ಭೂಮಿಯಲ್ಲಿ ಹುಟ್ಟಿದ ವೈಟ್‌ಫೀಲ್ಡು ಸುಮಾರು ನೂರು ವರ್ಷ ತೋಟಗಳ ಊರಾಗಿಯೇ ಇದ್ದು, ೧೯೯೦ರ ದಶಕದಿಂದೀಚೆಗೆ ಗಣಕಯಂತ್ರದ ಉದ್ಯಮಕ್ಕೆ ಮನೆಯಾಯಿತು. ಪೀಣ್ಯವು ೧೯೭೦ರ ದಶಕದಲ್ಲಿ ಸಣ್ಣ ದೊಡ್ಡ ಕಾರ್ಖಾನೆಗಳ ನಗರಿಯಾಯಿತು. ಅದೇ ದಶಕದ ಕೊನೆಯಲ್ಲಿ, ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಸಂಕಲ್ಪದಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆಗಳಲ್ಲಿ ಇಲೆಕ್ಟ್ರಾನಿಕ್ ಸಿಟಿಗೆ ತಳಹದಿ ಬಿದ್ದಿತು. ಯಾತಗಳು ಹೋದವು, ಗರಡಿಯ ಮಟ್ಟಿಯ ಮೇಲೆ ಮನೆಗಳು ಎದ್ದವು. ಹಳ್ಳಿಯ ಯುವಕನು ಕಾವಲುಗಾರನೋ ವಾಹನಚಾಲಕನೋ ಬಾಡಿಗೆಮನೆಗಳ ಒಡೆಯನೋ ಆದನು. ಬೆಂಕಿ ಬಿದ್ದರೆ ಕೊಡ ಹಿಡಿದು ಓಡುವ ಬದಲು ದೂರವಾಣಿಯಲ್ಲಿ ೧೦೧ನ್ನು ಕೂಗುವ ಕಾಲವು ಬಂದಿತು. ಹೀಗೆ ಕೂಗುವುದು ತಪ್ಪಲ್ಲ, ರಾಸಾಯನಿಕದ ಬೆಂಕಿಗೆ ಕೊಡದ ನೀರು ಎರಚುವುದು ಅಪಾಯವೇ ಸರಿ. ಆದರೆ ಕೂಗಿಗೆ ಓಗೊಡುವ ಆ ಕೆಲವರ ಮೇಲೆ ಬಿದ್ದ ಭಾರವನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಹಳೆಯ ಗ್ರಾಮಠಾಣದ ಓಣಿಗಳು ಎತ್ತಿನ ಬಂಡಿಗೆ ಅಳತೆಮಾಡಿ ಬಿಟ್ಟವು. ಅವುಗಳ ಇಕ್ಕೆಲಗಳಲ್ಲಿ ಇಂದು ನಾಲ್ಕೈದು ಅಂತಸ್ತಿನ ವಸತಿಗೃಹಗಳೂ, ಗುಜರಿಯ ಉಗ್ರಾಣಗಳೂ ನಿಂತಿರುವುದರಿಂದ ನೀರಿನ ಲಾರಿಯು ಓಣಿಯ ಬಾಯಲ್ಲಿಯೇ ನಿಲ್ಲಬೇಕಾಗುತ್ತದೆ. ಅಲ್ಲಿಂದ ಮುಂದೆ ಹೋಸ್ ಎಂಬ ಕೊಳವೆಯನ್ನು ಮನುಷ್ಯರೇ ಎಳೆಯಬೇಕು. ೬೩ ಮಿಲಿಮೀಟರು ವ್ಯಾಸವೂ ೧೫ ಮೀಟರು ಉದ್ದವೂ ಉಳ್ಳ ಒಂದು ಹೋಸಿನಲ್ಲಿ ತುಂಬುವ ನೀರಿನ ತೂಕವೇ ಸುಮಾರು ೪೭ ಕಿಲೋಗ್ರಾಂ. ಇಂತಹ ನಾಲ್ಕನ್ನು ಜೋಡಿಸಿದರೆ ಎರಡು ಕ್ವಿಂಟಾಲಿಗೆ ಸಮೀಪಿಸುವ ನೀರು ನೆಲದ ಮೇಲೆ ಹರಿದಾಡುತ್ತದೆ. ೨೦ ಮಿಲಿಮೀಟರಿನ ಬಾಯಿಯಿಂದ ೭ ಬಾರ್ ಒತ್ತಡದಲ್ಲಿ ಚಿಮ್ಮುವ ನೀರು ಅದನ್ನು ಹಿಡಿದವನನ್ನು ಹಿಂದಕ್ಕೆ ತಳ್ಳುವ ಬಲವು ೪೫ ಕಿಲೋಗ್ರಾಂ ತೂಕಕ್ಕೆ ಸಮಾನ. ಬೆನ್ನಿನ ಮೇಲೆ ಗಾಳಿಯ ಸಿಲಿಂಡರು, ಮೈಮೇಲೆ ದಪ್ಪನೆಯ ಅಂಗಿ, ತಲೆಗೆ ಶಿರಸ್ತ್ರಾಣ, ಕಾಲಿಗೆ ಬೂಟು, ಎಲ್ಲವೂ ಸೇರಿ ಇಪ್ಪತ್ತು ಕಿಲೋಗ್ರಾಮಿಗೆ ಮಿಗಿಲು. ಇಷ್ಟನ್ನು ಹೊತ್ತು ಮೆಟ್ಟಿಲೇರುವವನು, ಎರಡು ನಿಮಿಷಗಳ ಹಿಂದೆ ಠಾಣೆಯಲ್ಲಿ ನಿದ್ರೆಯಲ್ಲಿದ್ದಿರಬಹುದು.

ಬೆಂಕಿಗಳಾದರೂ ಹಿಂದಿನ ಹುಲ್ಲುಬಣವೆಯ ಬೆಂಕಿಗಳಲ್ಲ. ಬೆಳ್ಳಂದೂರಿನ ಕೆರೆಯು ನಗರದ ಕೊಳಕಿನಿಂದ ನೊರೆಗಟ್ಟಿ, ೨೦೧೫ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿದುದನ್ನು ಜಗತ್ತು ಬೆರಗಾಗಿ ನೋಡಿತು. ೨೦೧೭ರ ಫೆಬ್ರವರಿಯಲ್ಲಿ ಪುನಃ ಹೊಗೆಯೆದ್ದಿತು. ೨೦೧೮ರ ಜನವರಿ ೧೯ರಂದು ಕೆರೆಯ ಒಣಜೊಂಡು ಹೊತ್ತಿಕೊಂಡಾಗ, ಅಗ್ನಿಶಾಮಕರಿಗೆ ನೆರವಾಗಿ ಪಕ್ಕದ ಸೇನಾಕೇಂದ್ರದಿಂದ ಸಾವಿರಾರು ಸೈನಿಕರು ಬರಬೇಕಾಯಿತು. ಲಾರಿಗಳು ಹೋಗಲಾರದ ಜೌಗಿನಲ್ಲಿ ಕಾಲ್ನಡೆಯಿಂದಲೇ ಆ ಕಾರ್ಯವು ನಡೆಯಿತು. ಊರವರೆಲ್ಲರೂ ಸೇರಿ ಓಡುತ್ತಿದ್ದ ಹಿಂದಿನ ಪದ್ಧತಿಗೆ ಬದಲು ಪಡೆಯನ್ನೇ ಕರೆಸಬೇಕಾಯಿತೆಂಬುದು ಗಮನಾರ್ಹ. ೨೦೨೩ರ ಅಕ್ಟೋಬರ್ ೭ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿಯ ಮಳಿಗೆಯೊಂದು ಉರಿದು, ಅಂದೇ ಹದಿನಾಲ್ಕು ಜೀವಗಳು ಹೋದವು. ಇಂತಹ ಕಡೆಗಳಲ್ಲಿ ಏಳುವ ಹೊಗೆಯಲ್ಲಿ ಪ್ಲಾಸ್ಟಿಕ್ಕು, ಬಣ್ಣ, ರಾಸಾಯನಿಕಗಳ ವಿಷಗಳು ಬೆರೆತಿರುತ್ತವೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ಅನಿಲವು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮೈಕಟ್ಟು ಎಷ್ಟೇ ಗಟ್ಟಿಯಾಗಿರಲಿ, ಅದಕ್ಕೆ ಈ ಅನಿಲದ ಮುಂದೆ ಯಾವ ರಿಯಾಯಿತಿಯೂ ಇಲ್ಲ.

ಮೂರನೆಯ ಪ್ರಶ್ನೆಯು ಇಲ್ಲಿ ಎದುರಾಗುತ್ತದೆ. ಬೆಂಕಿಯ ಕೆಲಸದಲ್ಲಿರುವವರು ಸಾಯುವುದು ಸುಟ್ಟಗಾಯಗಳಿಂದ ಅಥವಾ ಗೋಡೆ ಬಿದ್ದು ಎಂದು ಜನರು ಭಾವಿಸುವುದುಂಟು. ೨೦೦೭ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಬೇರೊಂದು ಸಂಗತಿಯನ್ನು ಹೊರಗೆಡಹಿತು. ಆ ದೇಶದಲ್ಲಿ ಕರ್ತವ್ಯದ ಮೇಲಿರುವಾಗ ಮಡಿದ ಅಗ್ನಿಶಾಮಕರಲ್ಲಿ ಶೇಕಡಾ ಸುಮಾರು ೪೫ ಮಂದಿಗೆ ಹೃದ್ರೋಗವೇ ಮೃತ್ಯುವಾಗಿತ್ತು. ಅವರ ದುಡಿಮೆಯ ಕಾಲದಲ್ಲಿ ಬೆಂಕಿಯ ಮುಂದೆ ನಿಲ್ಲುವುದು ಶೇಕಡಾ ೧ರಿಂದ ೫ರಷ್ಟು ಮಾತ್ರ. ಹೃದಯ ನಿಂತು ಸತ್ತವರಲ್ಲಿ ಶೇಕಡಾ ೩೨ ಮಂದಿ ಸತ್ತುದು ಆ ಅಲ್ಪಕಾಲದಲ್ಲಿಯೇ. ಅಲ್ಲಿನ ಅಗ್ನಿಶಾಮಕರಲ್ಲಿ ಹೆಚ್ಚಿನವರು ಹಳ್ಳಿಗಳನ್ನೂ ಸಣ್ಣ ಊರುಗಳನ್ನೂ ಕಾಯುವ ಸ್ವಯಂಸೇವಕರು. ಬೇಸಾಯವನ್ನೋ ಅಂಗಡಿಯನ್ನೋ ಬಿಟ್ಟು ಗಂಟೆಯ ಸದ್ದಿಗೆ ಓಡಿಬರುವವರು. ಬ್ರೇಡ್‌ವುಡ್ಡನು ತನ್ನ ಆಳುಗಳನ್ನು ಪಳಗಿಸಿದ ಎಡಿನ್‌ಬರೋ ನಗರದ ವಿಶ್ವವಿದ್ಯಾಲಯದಲ್ಲಿಯೇ, ೨೦೧೭ರಲ್ಲಿ, ಇದರ ಕಾರಣವು ಕೊಂಚ ಬೆಳಕಿಗೆ ಬಂದಿತು. ಆರೋಗ್ಯವಂತರಾದ ೧೯ ಮಂದಿ ಅಗ್ನಿಶಾಮಕರನ್ನು ಅಭ್ಯಾಸದ ಬೆಂಕಿಯಲ್ಲಿ ದುಡಿಸಿ ರಕ್ತವನ್ನು ಪರೀಕ್ಷಿಸಲಾಗಿ, ತಾಪಕ್ಕೂ ಶ್ರಮಕ್ಕೂ ಸಿಕ್ಕಿದ ರಕ್ತವು ಬೇಗನೆ ಹೆಪ್ಪುಗಟ್ಟುವ ಸ್ವಭಾವವನ್ನು ತಳೆಯುತ್ತದೆಂದೂ, ರಕ್ತನಾಳಗಳು ಸರಿಯಾಗಿ ಹಿಗ್ಗಲಾರವೆಂದೂ ಕಂಡುಬಂದಿತು. ದಪ್ಪ ಉಡುಪಿನೊಳಗೆ ಬೆವರು ಆರದೆ ಮೈ ಕಾಯುತ್ತದೆ. ಬೆವರಿನಿಂದ ನೀರು ಕಳೆದುಕೊಂಡ ರಕ್ತವು ಮಂದವಾಗುತ್ತದೆ. ಹೃದಯವು ತನ್ನ ಕಡೆಯ ಮಿತಿಯವರೆಗೆ ಬಡಿದುಕೊಳ್ಳುತ್ತದೆ. ಒಳಗೆ ಮೊದಲೇ ಕಿರಿದಾದ ನಾಳವೊಂದಿದ್ದರೆ ಆ ಕ್ಷಣದಲ್ಲಿ ಅದು ಮುಚ್ಚಿಹೋಗಬಹುದು. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯು ಅಗ್ನಿಶಾಮಕರ ವೃತ್ತಿಯನ್ನು ಅರ್ಬುದಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು. ಮೂತ್ರಕೋಶದ ಅರ್ಬುದಕ್ಕೂ, ಶ್ವಾಸಕೋಶದ ಹೊರಪೊರೆಯಲ್ಲಿ ಹುಟ್ಟುವ ಅರ್ಬುದಕ್ಕೂ ಸಾಕಷ್ಟು ಆಧಾರವಿದೆಯೆಂದು ಅದು ಹೇಳಿತು. ಮಸಿ ಹತ್ತಿದ ಅಂಗಿಯನ್ನು ಒಗೆಯದೆ ಮತ್ತೆ ತೊಡುವುದು ಶೌರ್ಯದ ಗುರುತೆಂದು ಅನೇಕ ದೇಶಗಳ ಠಾಣೆಗಳಲ್ಲಿ ನಂಬಿದ್ದರು. ಆ ಮಸಿಯು ಚರ್ಮದ ಮೂಲಕ ಒಳಗಿಳಿಯುತ್ತದೆಂದು ಈಗ ತಿಳಿದಿದೆ.

ಈ ಜ್ಞಾನದಿಂದ ಕೆಲವು ದೇಶಗಳಲ್ಲಿ ನಿಯಮಗಳೂ ಹುಟ್ಟಿವೆ. ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ ೪೨ ಮಿಲಿಲೀಟರು ಆಮ್ಲಜನಕವನ್ನು ಬಳಸಬಲ್ಲ ಶಕ್ತಿಯು ಅಗ್ನಿಶಾಮಕನಿಗೆ ಇರಬೇಕೆಂಬುದು ಅಮೆರಿಕದಲ್ಲಿ ರೂಢಿಯಾಗಿರುವ ಒಂದು ಅಳತೆ. ದೇಹಸಾಧನೆ ಬಿಟ್ಟ ಮನುಷ್ಯನಲ್ಲಿ ಈ ಶಕ್ತಿಯು ಮೂವತ್ತರ ಪ್ರಾಯದಿಂದ ಮುಂದೆ ಹತ್ತು ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕುಗ್ಗುತ್ತ ಹೋಗುತ್ತದೆ. ಇಪ್ಪತ್ತೆರಡರಲ್ಲಿ ಅಳತೆಗೆ ಸರಿಹೋದವನು ನಲವತ್ತೈದರಲ್ಲಿ ಸರಿಹೋಗುವನೆಂಬುದಕ್ಕೆ ಯಾವ ಆಧಾರವೂ ಇಲ್ಲ. ಅಲ್ಲಿ ಕಾಡಿನ ಬೆಂಕಿಯ ಕೆಲಸಕ್ಕೆ ಸೇರುವವರು ೪೫ ಪೌಂಡು, ಎಂದರೆ ೨೦ ಕಿಲೋಗ್ರಾಮಿಗೆ ಸ್ವಲ್ಪ ಹೆಚ್ಚಾದ ಹೊರೆಯನ್ನು ಬೆನ್ನಿಗೇರಿಸಿಕೊಂಡು, ೩ ಮೈಲಿಗಳನ್ನು ೪೫ ನಿಮಿಷಗಳೊಳಗೆ ನಡೆದು ತೋರಿಸಬೇಕು. ಈ ಪರೀಕ್ಷೆಯಲ್ಲಿಯೇ ಹೃದಯ ನಿಂತು ಸತ್ತವರೂ ಉಂಟು. ಆದಕಾರಣ ನಡಿಗೆಗೆ ಮುಂಚೆ ಆರೋಗ್ಯದ ವಿಚಾರಣೆಯಾಗಬೇಕೆಂಬುದನ್ನೂ ಅವರು ಕಲಿತರು. ಬಲವನ್ನು ಅಳೆಯುವ ಮುನ್ನ ಆರೋಗ್ಯವನ್ನು ನೋಡಬೇಕು ಎಂಬ ಕ್ರಮವು ಹೀಗೆ ಪ್ರಾಣಗಳನ್ನು ತೆತ್ತು ಸಂಪಾದಿಸಿದ ಪಾಠವಾಗಿದೆ.

ಬೆಂಗಳೂರಿನಿಂದ ದಕ್ಷಿಣಕ್ಕೆ, ಬನ್ನೇರುಘಟ್ಟದಿಂದ ಬಂಡೀಪುರದವರೆಗಿನ ಕಾಡುಗಳಲ್ಲಿ ಬೇಸಗೆಯ ಬೆಂಕಿಯನ್ನು ಕಾಯುವವರಲ್ಲಿ ಅನೇಕರು ಕಾಡಂಚಿನ ಹಳ್ಳಿಗಳಿಂದಲೂ ಹಾಡಿಗಳಿಂದಲೂ ದಿನಗೂಲಿಗೆ ಬರುವ ಜನ. ಅವರ ಕೈಯಲ್ಲಿ ಹಸಿಯ ಸೊಪ್ಪಿನ ಕೊಂಬೆಯೇ ಇಂದಿಗೂ ಮುಖ್ಯಾಯುಧ. ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದ ಕಾಳ್ಗಿಚ್ಚಿನಲ್ಲಿ ಯುವಕನಾದ ಅರಣ್ಯರಕ್ಷಕನೊಬ್ಬನು ಪ್ರಾಣವನ್ನೊಪ್ಪಿಸಿದನು. ೨೦೧೯ರ ಫೆಬ್ರವರಿಯಲ್ಲಿ ಅದೇ ಕಾಡಿನ ಸಾವಿರಾರು ಎಕರೆಗಳು ಉರಿದಾಗ ನೂರಾರು ಮಂದಿ ಹಗಲಿರುಳು ಬಿಸಿಬೂದಿಯ ಮೇಲೆ ನಡೆದರು. ಹಳೆಯ ಹಳ್ಳಿಯ ದೇಹಬಲವು ಉಳಿದಿರುವುದು ಇವರಲ್ಲಿ. ಹಳೆಯ ಹಳ್ಳಿಯ ಅನಾರೋಗ್ಯವೂ ಇವರಲ್ಲಿಯೇ ಉಳಿದಿದ್ದರೆ ಆಶ್ಚರ್ಯವಿಲ್ಲ. ಋತುವು ಮುಗಿದೊಡನೆ ಮನೆಗೆ ಹೋಗುವ ಕೂಲಿಯವನ ಎದೆಯಲ್ಲಿ ಎಷ್ಟು ಹೊಗೆ ಸೇರಿತೆಂಬುದನ್ನು ಲೆಕ್ಕವಿಡುವವರು ಇರಬೇಕಾದುದು ನ್ಯಾಯ.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ತಾತ್ಪರ್ಯವು ಕಠಿನವಾದುದಲ್ಲ. ಕೌಟಿಲ್ಯನ ಕಾಲವು ಕರ್ತವ್ಯವನ್ನು ವಿಧಿಸಿತು. ಬ್ರೇಡ್‌ವುಡ್ಡನ ಕಾಲವು ಅದಕ್ಕೆ ತಕ್ಕ ಬಲವನ್ನು ಆರಿಸಿತು. ಆ ಬಲವನ್ನು ಸೇವೆಯ ಕೊನೆಯವರೆಗೂ ಕಾಪಾಡುವುದು ಈ ಕಾಲದ ಹೊಣೆ. ಅದಕ್ಕೆ ಬೇಕಾದವು ದುಬಾರಿಯಾದ ಸಾಧನಗಳೇನೂ ಅಲ್ಲ: ವರ್ಷಕ್ಕೊಮ್ಮೆ ರಕ್ತದ ಒತ್ತಡ, ಸಕ್ಕರೆ, ಹೃದಯಗಳ ಪರೀಕ್ಷೆ, ಪಾಳಿಯಲ್ಲಿಯೇ ವ್ಯಾಯಾಮಕ್ಕೆ ಗೊತ್ತಾದ ಒಂದು ಗಂಟೆ, ಬೆಂಕಿಯಿಂದ ಹಿಂದಿರುಗಿದವನಿಗೆ ಕುಡಿಯಲು ನೀರು, ವಿಶ್ರಾಂತಿ, ಸ್ನಾನ, ಒಗೆದ ಉಡುಪು, ಕಾಡಿಗೆ ಹೋಗುವ ಕೂಲಿಯವನಿಗೂ ಅದೇ ವೈದ್ಯನ ಕೈ. ಪರೀಕ್ಷೆಯಲ್ಲಿ ದೋಷವು ಕಂಡುಬಂದರೆ ಕೆಲಸ ಹೋದೀತೆಂಬ ಅಂಜಿಕೆಯು ಇರಬಾರದು. ಅಂಜಿದವನು ಎದೆನೋವನ್ನು ಮರೆಮಾಚುವನು, ಮರೆಮಾಚಿದ ನೋವು ಮೆಟ್ಟಿಲ ಮೇಲೆ ಅವನನ್ನೂ ಅವನ ಜೊತೆಗಾರನನ್ನೂ ಕೆಡಹುವುದು. ದೋಷವಿದ್ದವನಿಗೆ ಠಾಣೆಯಲ್ಲಿಯೇ ಹಗುರವಾದ ಕೆಲಸವಿರಲೆಂದು ಮೊದಲೇ ಗೊತ್ತುಮಾಡಿದರೆ ಪರೀಕ್ಷೆಯು ಅವನಿಗೆ ಮಿತ್ರನಾಗುತ್ತದೆ.

ಊರಿನವರ ಪಾಲಿನದ್ದೂ ಅಷ್ಟಿಷ್ಟು ಉಳಿದಿದೆ. ಓಣಿಯ ಬಾಯಿಗೆ ಅಡ್ಡಲಾಗಿ ವಾಹನಗಳನ್ನು ನಿಲ್ಲಿಸದಿದ್ದರೆ ಅಗ್ನಿಶಾಮಕನು ಎಳೆಯಬೇಕಾದ ಹೋಸು ಒಂದೆರಡಾದರೂ ಕಡಮೆಯಾಗುತ್ತದೆ. ಮೆಟ್ಟಿಲ ಕೆಳಗೆ ರಾಸಾಯನಿಕದ ಡಬ್ಬಗಳನ್ನು ತುಂಬದಿದ್ದರೆ ಅವನು ಕುಡಿಯುವ ಹೊಗೆಯು ಅಷ್ಟರಮಟ್ಟಿಗೆ ತಗ್ಗುತ್ತದೆ. ಹಿಂದೆ ಓಡಿಬರದವನಿಗೆ ಹನ್ನೆರಡು ಪಣ ದಂಡವಿತ್ತು. ಇಂದು ತಮ್ಮ ಬದಲಿಗೆ ಓಡುವವನಿಗೆ ದಾರಿಯನ್ನು ತೆರವಾಗಿಡುವುದಷ್ಟೇ ಊರವರಿಂದ ಬೇಡುವ ತೆರಿಗೆ.